ರಾಜಕಾರಣಿ, ಹಾಡುವ ನಟ ಇಬ್ಬರೂ ಒಂದೇ ಶೋಗೆ ಬಂದರೆ ಮಾತಾಡಿಸುವುದು ಹೇಗೆ?

ಶಾಸಕರೊಬ್ಬರು ಮತ್ತು ಸಂಗೀತ, ನಟನೆ ಎರಡೂ ಗೊತ್ತಿರುವ ಕಲಾವಿದರೊಬ್ಬರು ನಿಮ್ಮ ಯೂಟ್ಯೂಬ್ ಶೋಗೆ ಬರಲು ಒಪ್ಪಿದ್ದಾರೆ ಅಂದುಕೊಳ್ಳಿ. ಮೊದಲು ರಾಜಕಾರಣಿಯನ್ನು ಮಾತಾಡಿಸಿ. ಗಟ್ಟಿ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಹಾಡು.

ಯಾಕೆ ಅಂದರೆ, 1992ರ ಜೂನ್‌ನಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಓಡಾಡುತ್ತಿದ್ದ ಬಿಲ್ ಕ್ಲಿಂಟನ್ ಆರ್ಸೆನಿಯೊ ಹಾಲ್ ಅನ್ನುವ ನಿರೂಪಕರ ಟಿವಿ ಶೋನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಸ್ಯಾಕ್ಸೋಫೋನ್ ನುಡಿಸಿದರು. ಜನರಿಗೆ ಇವತ್ತಿಗೂ ನೆನಪಿರುವುದು ಅದೇ. ಆ ದಿನ ಅವರು ಏನು ಮಾತಾಡಿದರು ಅಂತ ಕೇಳಿ ನೋಡಿ, ಹೇಳುವವರು ಕಮ್ಮಿ.

ರಾಜಕಾರಣಿಗೆ ತಯಾರಿ ಜಾಸ್ತಿ ಬೇಕು. ನಾಮಪತ್ರದ ಜೊತೆ ಅವರು ಕೊಟ್ಟ ಅಫಿಡವಿಟ್, ಅಂದರೆ ಫಾರ್ಮ್ 26, ಚುನಾವಣಾ ಆಯೋಗದ ವೆಬ್‌ಸೈಟಿನಲ್ಲೇ ಸಿಗುತ್ತದೆ. ಆಸ್ತಿ, ಸಾಲ, ಕೇಸು, ಓದು ಎಲ್ಲ ಅದರಲ್ಲಿರುತ್ತದೆ, ಪೂರ್ತಿ ಓದಿ. 'ಕ್ಷೇತ್ರಕ್ಕೆ ಏನು ಮಾಡಿದ್ರಿ?' ಅಂದರೆ ಭಾಷಣ ಶುರುವಾಗುತ್ತದೆ. ಕರ್ನಾಟಕದಲ್ಲಿ ಶಾಸಕರಿಗೆ ವರ್ಷಕ್ಕೆ 2 ಕೋಟಿ ರೂಪಾಯಿ ಪ್ರದೇಶಾಭಿವೃದ್ಧಿ ನಿಧಿ ಇದೆ ಅಲ್ವಾ, 'ಹೋದ ವರ್ಷ ಅದರಲ್ಲಿ ಶಾಲೆಗಳಿಗೆ ಎಷ್ಟು ಕೊಟ್ರಿ ಸರ್?' ಅಂತ ಕೇಳಿ. ಮಾತು ಬೇರೆ ಕಡೆ ಹೋದರೆ ಅದೇ ಪ್ರಶ್ನೆಯನ್ನು ಇನ್ನೊಮ್ಮೆ, ಅಷ್ಟೇ ಮರ್ಯಾದೆಯಿಂದ ಕೇಳಿ. ಪಿಎ ಫೋನ್ ಮಾಡಿ ಪ್ರಶ್ನೆ ಕಳಿಸಿ ಅನ್ನುತ್ತಾರೆ. ವಿಷಯಗಳನ್ನು ಮಾತ್ರ ಕಳಿಸಿ. ಮತದಾನ ಮುಗಿಯುವ ಹೊತ್ತಿಗೆ ಮುಂಚಿನ 48 ಗಂಟೆ ಇಂಥ ವಿಡಿಯೋ ಹಾಕಲೇಬೇಡಿ.

ಕಲಾವಿದರ ವಿಷಯ ಬೇರೆ. ಸಾಧು ಕೋಕಿಲ ಅವರಂಥವರು ಎದುರಿಗೆ ಕೂತರೆ ಎಲ್ಲರೂ ಕಾಮಿಡಿ ಡೈಲಾಗ್ ಕೇಳುತ್ತಾರೆ, ಆದರೆ ಅವರು ಸಂಗೀತ ನಿರ್ದೇಶಕರೂ ಹೌದು, ಕೀಬೋರ್ಡ್ ಮೇಲೆ ಅವರ ಕೈ ಓಡುವ ವೇಗವೇ ಒಂದು ಕಥೆ. ವಾದ್ಯ ಕೈಗೆ ಎಟುಕುವಂತೆ ಇಡಿ. ಅದರ ಸೌಂಡನ್ನು ಬೇರೆ ಲೈನಿನಲ್ಲಿ ರೆಕಾರ್ಡ್ ಮಾಡಿ. ಟ್ಯೂನ್ ಹೇಗೆ ಹುಟ್ಟಿತು ಅಂತ ಕೇಳಿ ಸುಮ್ನೆ ಕಾಯಿರಿ, ಬಾಯಿಗಿಂತ ಮೊದಲು ಬೆರಳು ಉತ್ತರ ಕೊಡಬಹುದು. ಸಿನಿಮಾ ಹಾಡಿನ ರೆಕಾರ್ಡಿಂಗ್ ಹಾಕಬೇಡಿ, ಕಾಪಿರೈಟ್ ಕ್ಲೇಮ್ ಬರುತ್ತದೆ.

ಕೊನೆಗೆ ಇಬ್ಬರಿಗೂ ಸಂಬಂಧಪಟ್ಟ ವಿಷಯ ಎತ್ತಿ. ಸಿನಿಮಾ ಟಿಕೆಟ್ಟಿಗೆ 200 ರೂಪಾಯಿ ಮಿತಿ ಹಾಕಲು 2025ರಲ್ಲಿ ಸರ್ಕಾರ ಹೊರಟಿತು, ಹೈಕೋರ್ಟ್ ತಡೆ ಕೊಟ್ಟಿತು. ಇದರ ಬಗ್ಗೆ ಕಲಾವಿದರೇ ಶಾಸಕರನ್ನು ಕೇಳಲಿ, ನೀವು ಮಧ್ಯೆ ಬಾಯಿ ಹಾಕಬೇಡಿ.