ಬೇರೆಯಾದ ಮೇಲೆ ನಾನು ಕಾಗದ ಕೂಡಿಸಿದ ಬಗೆ

ಗಂಡನಿಂದ ಬೇರೆಯಾದವಳಿಗೆ ಅವನ ಆಸ್ತಿಯಲ್ಲಿ ಅರ್ಧ ಪಾಲು ಬರುತ್ತದೆ ಅಂತ ನಮ್ಮ ಕಡೆ ಕೆಲವರು ಹೇಳುತ್ತಾರೆ. ಏನೂ ಬರುವುದಿಲ್ಲ, ಸುಮ್ಮನೆ ಕೋರ್ಟಿಗೆ ಅಲೆಯಬೇಡ ಅಂತ ಇನ್ನು ಕೆಲವರು. ಎರಡೂ ನಿಜವಲ್ಲ. ಗೋವಾ ಬಿಟ್ಟರೆ ನಮ್ಮ ದೇಶದಲ್ಲಿ ಮದುವೆಯಾದ ಮಾತ್ರಕ್ಕೆ ಗಂಡನ ಹೆಸರಿನ ಆಸ್ತಿ ಇಬ್ಬರದಾಗುವುದಿಲ್ಲ. ಹೆಂಡತಿಗಿರುವುದು ಜೀವನಾಂಶದ ಹಕ್ಕು, ವಾಸದ ಹಕ್ಕು, ಸ್ತ್ರೀಧನ ವಾಪಸ್ ಪಡೆಯುವ ಹಕ್ಕು, ಮತ್ತು ಅವಳ ಹೆಸರಿನಲ್ಲಿ ಎಷ್ಟಿದೆಯೋ ಅಷ್ಟು. ಕೇಳದೆ ಇವು ಯಾವುವೂ ಬರುವುದಿಲ್ಲ. ಕಾಗದವಿಲ್ಲದೆ ಕೇಳಿದರೆ ಕಡಿಮೆ ಬರುತ್ತದೆ.

2022ರಲ್ಲಿ ಮಗಳನ್ನು ಕರೆದುಕೊಂಡು ದಾವಣಗೆರೆಯ ತವರುಮನೆಗೆ ಬಂದೆ. ನನ್ನ ದುಡಿಮೆ ಅಂದರೆ ಹೈಸ್ಕೂಲು ಮಕ್ಕಳಿಗೆ ಮನೆಪಾಠ. ನನ್ನ ಗಂಡ ಬೆಂಗಳೂರಿನಲ್ಲಿ ಖಾಸಗಿ ಕಂಪನಿಯ ನೌಕರಿಯಲ್ಲಿದ್ದರು. ಅವರ ಊರು ಚನ್ನಗಿರಿ ತಾಲ್ಲೂಕು, ಅಲ್ಲಿ ಅಡಿಕೆ ತೋಟ. ಯಾಕೆ ಬಿಟ್ಟು ಬಂದೆ ಅನ್ನುವುದು ಇಲ್ಲಿ ಬೇಡ.

ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇರುತ್ತದೆ. 1987ರ ಕಾಯ್ದೆಯ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ವಕೀಲರನ್ನು ಉಚಿತವಾಗಿ ಕೊಡಬೇಕು. ಬಿಳಿ ಹಾಳೆಯಲ್ಲಿ ಅರ್ಜಿ ಬರೆದು ಆಧಾರ್ ಪ್ರತಿ ಕೊಟ್ಟೆ. (15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.) ಪುಕ್ಕಟೆ ವಕೀಲರು ಕೆಲಸ ಮಾಡಲ್ಲ ಅಂತ ಸೋದರಮಾವ ಹೆದರಿಸಿದ್ದರು. ನನಗೆ ಸಿಕ್ಕ ವಕೀಲೆ ಮೊದಲ ದಿನವೇ ನನ್ನ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ, "ನೋಡಮ್ಮ, ಜಗಳದ್ದು ಎರಡು ಪುಟ ಸಾಕು. ದುಡ್ಡಿಂದು ಎಷ್ಟು ಪುಟ ಆಗುತ್ತೆ ಹೇಳು" ಅಂದರು. ಆ ಕ್ಷಣಕ್ಕೆ ಕೋಪ ಬಂತು. ಆಮೇಲೆ ಕೇಸು ನಡೆದದ್ದೆಲ್ಲ ಆ ಮಾತಿನ ಮೇಲೇ.

ಅರ್ಜಿ ಹಾಕಿದ್ದು ಜೀವನಾಂಶಕ್ಕೆ, ಆಗಿನ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 125ನೇ ಕಲಂ ಅಡಿ. 2024ರ ಜುಲೈ 1ರಿಂದ ಅದೇ ಹಕ್ಕು ಅದರ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 144ನೇ ಕಲಮ್ಮಿನಲ್ಲಿದೆ. ನಾನಿರುವ ಊರಿನಲ್ಲೇ ಹಾಕಬಹುದು, ಬೆಂಗಳೂರಿಗೆ ಓಡಬೇಕಿಲ್ಲ. ವಿಚ್ಛೇದನದ ಕೇಸು ಇರಲೇಬೇಕು ಅಂತಲೂ ಇಲ್ಲ. ಅರ್ಜಿಯ ಜೊತೆಗೇ ಮಧ್ಯಂತರ ಜೀವನಾಂಶ, ಅಂದರೆ ಕೇಸು ಮುಗಿಯುವವರೆಗಿನದು, ಕೇಳಿದೆವು. ನೋಟಿಸು ಮುಟ್ಟಿದ 60 ದಿನದೊಳಗೆ ಅದನ್ನು ಆದಷ್ಟೂ ತೀರ್ಮಾನಿಸಬೇಕು ಅಂತ ಕಾನೂನಿದೆ. ಅಷ್ಟರಲ್ಲಿ ಆಗುವುದಿಲ್ಲ, ಆದರೂ ಕೇಳಿಟ್ಟಿರಬೇಕು. ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕಬೇಕು ಅಂದಿದೆ. ವಾಯಿದೆ ಮೇಲೆ ವಾಯಿದೆ ಬಿದ್ದರೂ ದುಡ್ಡು ಸಾಯುವುದಿಲ್ಲ.

ಅದೇ ತೀರ್ಪು ತಂದ ಇನ್ನೊಂದು ಕಾಗದವೇ ನನ್ನ ಮಟ್ಟಿಗೆ ಇಡೀ ಕೇಸು: ಆಸ್ತಿ ಮತ್ತು ಹೊಣೆಗಾರಿಕೆಗಳ ಅಫಿಡವಿಟ್. ಇಬ್ಬರೂ ಕೊಡಬೇಕು. ಸಂಬಳ, ಬೇರೆ ಆದಾಯ, ಮೂರು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟು, ವಿಮೆ, ಪಿಎಫ್, ವಾಹನ, ಜಮೀನು, ಸಾಲ, ತಿಂಗಳ ಖರ್ಚು ಎಲ್ಲವೂ ಅದರಲ್ಲಿ ಬರಬೇಕು. ಬೇಕಂತಲೇ ಕೊಡದಿದ್ದರೆ ಅವರ ವಾದವನ್ನೇ ಕೋರ್ಟು ತಳ್ಳಿಹಾಕಬಹುದು, ಸುಳ್ಳು ಬರೆದರೆ ಪ್ರತ್ಯೇಕ ಕ್ರಮವಿದೆ. ನನ್ನದರಲ್ಲಿ ಮನೆಪಾಠದ ಆದಾಯವನ್ನು ಇದ್ದಷ್ಟೂ ಬರೆದೆ. ಮುಚ್ಚಿಡು ಅಂದವರು ಬಹಳ. ಹೆಂಡತಿ ಸ್ವಲ್ಪ ದುಡಿಯುತ್ತಾಳೆ ಅಂದ ಮಾತ್ರಕ್ಕೆ ಜೀವನಾಂಶ ತಪ್ಪುವುದಿಲ್ಲ. ಗಂಡನ ಮನೆಯಲ್ಲಿ ಹೇಗಿದ್ದಳೋ ಅದಕ್ಕೆ ತಕ್ಕಂತೆ ಬದುಕಲು ಆ ದುಡಿಮೆ ಸಾಕೇ ಅನ್ನುವುದನ್ನೇ ಕೋರ್ಟು ನೋಡುವುದು. ಖರ್ಚಿನ ಪಟ್ಟಿಗೆ ಸ್ಕೂಲ್ ಫೀಸಿನ ರಸೀದಿ, ವ್ಯಾನಿನ ದುಡ್ಡು, ಗ್ಯಾಸಿನ ಬಿಲ್ಲು, ಮಗಳ ಹಲ್ಲಿನ ಡಾಕ್ಟರ ಚೀಟಿವರೆಗೆ ಲಗತ್ತಿಸಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ಅಮ್ಮ ಗುರುತು ಹಾಕುವ ಹಾಲಿನ ಲೆಕ್ಕ ಕೂಡ ಕೆಲಸಕ್ಕೆ ಬಂತು.

ಅವರ ಅಫಿಡವಿಟ್ಟಿನಲ್ಲಿ ಸಂಬಳದ ಚೀಟಿ ಇತ್ತು. ಅದರ ಕೆಳಗೆ ಕಾರು ಸಾಲದ ಕಂತು, ಪರ್ಸನಲ್ ಲೋನಿನ ಕಂತು ಎಲ್ಲ ಕಳೆದು, ಕೈಗೆ ಉಳಿಯುವುದು ಇಷ್ಟೇ ಅಂತ ತೋರಿಸಿದ್ದರು. ತೆರಿಗೆ, ಪಿಎಫ್‌ನಂಥ ಕಡ್ಡಾಯ ಕಡಿತಗಳನ್ನು ಕೋರ್ಟು ಒಪ್ಪುತ್ತದೆ. ತಾವಾಗಿ ಮಾಡಿಕೊಂಡ ಸಾಲದ ಕಂತನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಕೃಷಿ ಜಮೀನಿನ ಕಾಲಮ್ಮಿನಲ್ಲಿ ‘ಇಲ್ಲ’ ಅಂತಿತ್ತು.

ತೋಟದ ಸರ್ವೆ ನಂಬರು ನನಗೆ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ಬೆಳೆ ಸಾಲಕ್ಕೆ ಅರ್ಜಿ ತುಂಬಿಕೊಟ್ಟವಳೇ ನಾನು. ಭೂಮಿ ತಂತ್ರಾಂಶದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಹಾಕಿದರೆ ಪಹಣಿ ಯಾರು ಬೇಕಾದರೂ ನೋಡಬಹುದು. ಪಹಣಿ ಓದುವಾಗ ಮುಖ್ಯವಾಗಿ ಮೂರು ಕಡೆ ಕಣ್ಣಿಡಬೇಕು. 9ನೇ ಕಾಲಂ ಮಾಲೀಕರ ಹೆಸರು ಹೇಳುತ್ತದೆ, 11ನೆಯದು ಜಮೀನಿನ ಮೇಲಿನ ಸಾಲ ಮತ್ತು ಬೇರೆ ಹಕ್ಕುಗಳನ್ನು, 12ನೆಯದು ಸಾಗುವಳಿ ಯಾರದು, ಬೆಳೆ ಏನು ಅನ್ನುವುದನ್ನು. ಮಾವನವರು ತೀರಿಕೊಂಡ ಮೇಲೆ ಪೌತಿ ಖಾತೆಯಾಗಿ 9ರಲ್ಲಿ ನನ್ನ ಗಂಡನ ಮತ್ತು ಅವರ ತಮ್ಮನ ಹೆಸರು ಜಂಟಿಯಾಗಿ ಬಂದಿತ್ತು. 11ರಲ್ಲಿ ಬೆಳೆ ಸಾಲ. 12ರಲ್ಲಿ ಅಡಿಕೆ. ಹಾಗೆಯೇ ತೆಗೆದ ದೃಢೀಕೃತ ಪ್ರತಿಯನ್ನು ಕೋರ್ಟಿಗೆ ಹಾಜರುಪಡಿಸಿದೆವು.

"ತೋಟ ಒಣಗಿದೆ, ಆದಾಯ ಇಲ್ಲ" ಅಂತ ಅವರ ಕಡೆಯ ವಾದ. ನಮ್ಮ ಕಡೆ ಫಸಲನ್ನು ಮರದ ಮೇಲೇ ಚೇಣಿಗೆ ಕೊಡುವುದು ರೂಢಿ. ಚೇಣಿದಾರ ಮುಂಗಡ ಕೊಡುತ್ತಾನೆ, ಕೊಯ್ಲಾದ ಮೇಲೆ ಉಳಿದದ್ದು. ಈಗಂತೂ ಚೇಣಿದಾರರೂ ದುಡ್ಡನ್ನು ಖಾತೆಗೇ ಹಾಕುತ್ತಾರೆ. ಮೂರು ವರ್ಷದ ಸ್ಟೇಟ್‌ಮೆಂಟಿನಲ್ಲಿ ಪ್ರತಿವರ್ಷ ಹೆಚ್ಚುಕಡಿಮೆ ಅದೇ ಕಾಲಕ್ಕೆ ಒಬ್ಬನೇ ವ್ಯಕ್ತಿಯಿಂದ ಬಂದ ಮೊತ್ತಗಳಿಗೆ ವಕೀಲೆ ಹಳದಿ ಬಣ್ಣ ಬಳಿದು, ಸಾಕ್ಷಿಕಟ್ಟೆಯಲ್ಲಿ ನಿಂತ ಅವರ ಕೈಗೇ ಕೊಟ್ಟು "ಇವರು ಯಾರು?" ಅಂತ ಕೇಳಿದರು. ಉತ್ತರ ಬರಲು ಹೊತ್ತು ಹಿಡಿಯಿತು.

ಸಂಬಳದ 25 ಶೇಕಡಾ ಸಿಗುತ್ತದೆ ಅಂತ ಎಲ್ಲರ ಬಾಯಲ್ಲೂ ಇದೆ. 2017ರ ಒಂದು ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಆ ಅಂಕಿ ಇದೆ, ನಿಜ. ಅದು ಕಟ್ಟುನಿಟ್ಟಿನ ನಿಯಮವಲ್ಲ. ನನಗೂ ಮಗಳಿಗೂ ಬೇರೆಬೇರೆ ಮೊತ್ತ ನಿಗದಿಯಾಯಿತು. ಹಾಗೆ ಬೇರೆಬೇರೆ ಬರೆಸಿಕೊಳ್ಳುವುದೇ ಒಳ್ಳೆಯದು. ನನ್ನದು ನಾಳೆ ನಿಂತರೂ ಅವಳದು ನಿಲ್ಲುವುದಿಲ್ಲ. ನಡುವೆ ಕೆಲವು ತಿಂಗಳು ದುಡ್ಡು ಹಾಕಲಿಲ್ಲ. ಬಾಕಿ ವಸೂಲಿಗೆ ಹಣ ಸಲ್ಲಬೇಕಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕದಿದ್ದರೆ ಅದಕ್ಕೆ ವಾರಂಟ್ ಹೊರಡುವುದಿಲ್ಲ. ನಾವು ಹಾಕಿದೆವು, ಬಾಕಿ ಬಂತು.

ಕೋರ್ಟಿನ ಹೊರಗೂ ಕೆಲಸವಿತ್ತು, ಅದನ್ನು ಮೊದಲೇ ಶುರುಮಾಡಿದ್ದೆ. ನನ್ನ ಆಧಾರಿಗೂ ಬ್ಯಾಂಕ್ ಖಾತೆಗೂ ಅವರ ಮೊಬೈಲ್ ನಂಬರೇ ಜೋಡಣೆಯಾಗಿತ್ತು. ಅಂದರೆ ನನ್ನ ಓಟಿಪಿ ಹೋಗುತ್ತಿದ್ದುದು ಅವರಿಗೆ. ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ನಂಬರು ಬದಲಿಸಿದೆ, ಆಮೇಲೆ ಬ್ಯಾಂಕಿನಲ್ಲಿ. ನನ್ನ ವಿಮಾ ಪಾಲಿಸಿಯ ನಾಮಿನಿಯನ್ನು ಬದಲಿಸಲು ಅವರ ಒಪ್ಪಿಗೆ ಬೇಕಿರಲಿಲ್ಲ. ಇಲ್ಲಿ ಬಹಳ ಜನಕ್ಕೆ ತಿಳಿಯದ ಒಂದು ವಿಷಯ: ವಿಚ್ಛೇದನದ ಡಿಕ್ರಿ ಆಗುವ ಮೊದಲು ನಾನು ಸತ್ತರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಂ ಪ್ರಕಾರ ನನ್ನ ಆಸ್ತಿಗೆ ಮಗಳ ಜೊತೆ ಗಂಡನೂ ವಾರಸುದಾರ. ಹಾಗಾಗಿ ಮಗಳ ಹೆಸರಿಗೆ ವಿಲ್ ಬರೆದೆ. ಇಬ್ಬರು ಸಾಕ್ಷಿಗಳು ಸಾಕು, ನೋಂದಣಿ ಕಡ್ಡಾಯವಲ್ಲ. ನಾನು ಮಾತ್ರ ಮಾಡಿಸಿದೆ.

ಬಂಗಾರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕೌಟುಂಬಿಕ ಹಿಂಸೆ ತಡೆ ಕಾಯ್ದೆ, 2005ರ 19ನೇ ಕಲಂ ಅಡಿ ಸ್ತ್ರೀಧನ ವಾಪಸ್ ಕೊಡಿಸಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರವಿದೆ. ಅಪ್ಪ ಜೋಪಾನ ಮಾಡಿದ್ದ ಅಂಗಡಿ ರಸೀದಿಗಳನ್ನೂ ಮದುವೆ ಆಲ್ಬಮ್ಮಿನ ಫೋಟೊಗಳನ್ನೂ ಎದುರುಬದುರು ಇಟ್ಟು, ಒಡವೆ, ತೂಕ, ಯಾರು ಕೊಟ್ಟದ್ದು ಅಂತ ಪಟ್ಟಿ ಮಾಡಿದೆ. ಆ ಪಟ್ಟಿ ನೋಡಿದ ಮೇಲೆ ಮಧ್ಯಸ್ಥಿಕೆಯಲ್ಲೇ ಬಹುಪಾಲು ವಾಪಸ್ ಬಂತು, ಸಿಗದ್ದಕ್ಕೆ ಬೆಲೆ ಕಟ್ಟಿದರು.

ಕೊನೆಗೆ ಇಬ್ಬರೂ ಒಪ್ಪಿ ವಿಚ್ಛೇದನಕ್ಕೆ ಹೋದೆವು, ಹಿಂದೂ ವಿವಾಹ ಕಾಯ್ದೆಯ 13ಬಿ. ಡಿಕ್ರಿ ಆಗುವ ತನಕ ಯಾರು ಬೇಕಾದರೂ ಒಪ್ಪಿಗೆ ಹಿಂದಕ್ಕೆ ಪಡೆಯಬಹುದು. ಅದಕ್ಕೇ ಕೊನೆಯ ಡಿಡಿ ನನ್ನ ಕೈಗೆ ಬರುವವರೆಗೆ ಜೀವನಾಂಶದ ಕೇಸನ್ನು ವಾಪಸ್ ಪಡೆಯುವುದಿಲ್ಲ ಅಂತ ಪಟ್ಟು ಹಿಡಿದೆ.

ಅವರ ವಕೀಲರು ತಂದ ರಾಜಿ ಪತ್ರದ ಕರಡಿನಲ್ಲಿ ಒಂದು ಸಾಲು ಹೀಗಿತ್ತು: "2ನೇ ಅರ್ಜಿದಾರಳು ಹಾಗೂ ಅಪ್ರಾಪ್ತ ಮಗಳು 1ನೇ ಅರ್ಜಿದಾರನ ಸ್ವಯಾರ್ಜಿತ ಅಥವಾ ಪಿತ್ರಾರ್ಜಿತ ಸ್ವತ್ತುಗಳ ಮೇಲೆ ಇನ್ನು ಮುಂದೆ ಯಾವ ಹಕ್ಕನ್ನೂ ಕೇಳತಕ್ಕದ್ದಲ್ಲ." ಇಂಥ ಕರಡುಗಳಲ್ಲಿ ಇದು ಮಾಮೂಲು ಸಾಲಂತೆ. ನಾನು ಬಿಟ್ಟುಕೊಡುವುದು ನನ್ನಿಷ್ಟ. ಮಗಳು ಪಿತ್ರಾರ್ಜಿತ ಆಸ್ತಿಗೆ ಹುಟ್ಟಿನಿಂದಲೇ ಸಹಭಾಗಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕದಲ್ಲಿ 1994ರ ತಿದ್ದುಪಡಿ, ದೇಶಕ್ಕೆಲ್ಲ 2005ರದ್ದು, ಅದರ ಮೇಲಿದ್ದ ಗೊಂದಲವನ್ನು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಬಗೆಹರಿಸಿತು. ಅಪ್ಪ ಅಮ್ಮ ಬೇರೆಯಾದರೆ ಅವಳೇನು ಆ ಮನೆಯ ಮಗಳಲ್ಲದೆ ಹೋಗುತ್ತಾಳೆಯೇ? "ಹಾಗೂ ಅಪ್ರಾಪ್ತ ಮಗಳು" ಅನ್ನುವುದನ್ನು ಹೊಡೆದುಹಾಕದೆ ಸಹಿ ಹಾಕಲ್ಲ ಅಂದೆ. "ತೋಟದ ಮೇಲೆ ಈಗಿಂದಲೇ ಕಣ್ಣಾ?" ಅಂದರು ಅತ್ತೆಯವರು. "ಹೌದತ್ತೆ, ನಿಮ್ಮ ಮೊಮ್ಮಗಳದ್ದಲ್ಲವಾ" ಅಂದೆ. ಎರಡು ವಾಯಿದೆ ಅದರಲ್ಲೇ ಹೋಯಿತು. ಸಾಲು ಹೋಯಿತು.

ದಾವಣಗೆರೆಯಲ್ಲಿ ತವರುಮನೆಯಲ್ಲದೆ ನಮ್ಮದೊಂದು ಮನೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿತ್ತು, ಗೃಹಸಾಲವೂ ಇಬ್ಬರದು. ಡಿಕ್ರಿಯಲ್ಲಿ ‘ಸಾಲ ಅವರೇ ತೀರಿಸತಕ್ಕದ್ದು’ ಅಂತಿದ್ದರೂ ಬ್ಯಾಂಕಿಗೆ ಅದು ಲೆಕ್ಕಕ್ಕಿಲ್ಲ. ಸಾಲಪತ್ರಕ್ಕೆ ಸಹಿ ಹಾಕಿದ ಇಬ್ಬರೂ ಪೂರ್ತಿ ಸಾಲಕ್ಕೆ ಹೊಣೆ. ಅವರ ಆದಾಯವೊಂದರ ಮೇಲೇ ಸಾಲವನ್ನು ಮರುಪರಿಶೀಲಿಸಿ ನನ್ನನ್ನು ಬಿಡುಗಡೆ ಮಾಡಿದ ಪತ್ರವನ್ನು ಬ್ಯಾಂಕು ಕೊಟ್ಟ ಮೇಲೆಯೇ, ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದೆ. ಕೆಲವು ತಿಂಗಳು ಬಿಟ್ಟು ಕ್ರೆಡಿಟ್ ವರದಿ ತೆಗೆದೆ, ವರ್ಷಕ್ಕೊಮ್ಮೆ ಅದು ಉಚಿತ. ಆ ಸಾಲ ಇನ್ನೂ ನನ್ನ ಹೆಸರಿನಲ್ಲೇ ತೋರಿಸುತ್ತಿತ್ತು. ಬ್ಯಾಂಕಿನ ಪತ್ರ ಲಗತ್ತಿಸಿ ದೂರು ಕೊಟ್ಟ ಮೇಲೆ ಅದನ್ನೂ ತೆಗೆದರು.