ಐಸ್ ಹಾಕಿ ಆಡುವವರ ಮನೆಯವರಿಗೆ: ನೆಕ್ ಗಾರ್ಡ್, ಎಇಡಿ, ಮಾತ್ರೆ ಡಬ್ಬಿ

2023ರ ಅಕ್ಟೋಬರ್ 28ರಂದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ನಡೆದ ಪಂದ್ಯದಲ್ಲಿ ನಾಟಿಂಗ್‌ಹ್ಯಾಮ್ ಪ್ಯಾಂಥರ್ಸ್ ತಂಡದ ಆಡಮ್ ಜಾನ್ಸನ್ ಕುತ್ತಿಗೆಗೆ ಎದುರಾಳಿಯ ಸ್ಕೇಟ್ ತಗುಲಿತು. ಅವರು ಉಳಿಯಲಿಲ್ಲ, ವಯಸ್ಸು ಬರೀ 29. ಕೊರಳಿಗೆ ನೆಕ್ ಗಾರ್ಡ್ ಇರಲಿಲ್ಲ. ಆ ಲೀಗಿನಲ್ಲಿ ಆಗ ಅದು ಕಡ್ಡಾಯವೂ ಆಗಿರಲಿಲ್ಲ.

ಇಂಥದ್ದು ನಡೆದಿದ್ದು ಅದೇ ಮೊದಲೇನಲ್ಲ. 1989ರಲ್ಲಿ ಬಫಲೋ ಸೇಬರ್ಸ್ ಗೋಲಿ (ಗೋಲು ಕಾಯುವ ಆಟಗಾರ) ಕ್ಲಿಂಟ್ ಮಲಾರ್ಚುಕ್, 2008ರಲ್ಲಿ ರಿಚರ್ಡ್ ಜೆಡ್ನಿಕ್ ಸ್ಕೇಟಿಗೆ ಸಿಕ್ಕಿ ಕತ್ತು ಕುಯ್ದುಹೋದರೂ ಬದುಕಿದರು. 1995ರಲ್ಲಿ ಸ್ವೀಡನ್ನಿನ ಬೆಂಗ್ಟ್ ಓಕರ್‌ಬ್ಲೂಮ್ ಬದುಕಲಿಲ್ಲ. ಹಾಕಿ ಆಟಗಾರರ ಅಕಾಲ ಸಾವುಗಳನ್ನು ಸಾಲಾಗಿ ಇಟ್ಟು ನೋಡಿದರೆ ಆಟಕ್ಕೆ ಸಂಬಂಧಿಸಿದ ದಾರಿಗಳು ಕೆಲವೇ: ಕೊಯ್ದ ಕುತ್ತಿಗೆ, ಲಯ ತಪ್ಪಿದ ಹೃದಯ, ಗಾಯದ ನಂತರದ ಮಾತ್ರೆ ಮತ್ತು ಖಿನ್ನತೆ. ಮೂರಕ್ಕೂ ಮುಂಚೆಯೇ ಮಾಡಿಕೊಳ್ಳಬಹುದಾದ ಕೆಲಸಗಳಿವೆ. ಕೆನಡಾ, ಅಮೆರಿಕದಲ್ಲಿ ಮಕ್ಕಳನ್ನು ರಿಂಕಿಗೆ (ಐಸ್ ಅಂಗಳಕ್ಕೆ) ಕಳಿಸುವ ಕನ್ನಡದ ಅಪ್ಪ-ಅಮ್ಮಂದಿರಿಗೂ, ವಾರಕ್ಕೊಮ್ಮೆ ಆಡುವ ದೊಡ್ಡವರಿಗೂ ಇದು ಬೇಕಾಗುತ್ತದೆ.

ನೆಕ್ ಗಾರ್ಡ್ ಕೊಳ್ಳುವಾಗ

ಸ್ಕೇಟ್ ಬ್ಲೇಡಿನ ದಪ್ಪ ಸುಮಾರು 3 ಮಿಲಿಮೀಟರ್. ಸಾಣೆ ಹಿಡಿಯುವಾಗ ಅದರ ನಡುವೆ ಉದ್ದಕ್ಕೂ ತಗ್ಗು ತೆಗೆಯುವುದರಿಂದ ಎರಡೂ ಅಂಚು ಚೂಪಾಗಿರುತ್ತವೆ. ಕುತ್ತಿಗೆಯಲ್ಲಿ ಶ್ವಾಸನಾಳದ ಅಕ್ಕಪಕ್ಕದಲ್ಲೇ ಮೆದುಳಿಗೆ ರಕ್ತ ಒಯ್ಯುವ ಕ್ಯಾರೊಟಿಡ್ ಅಪಧಮನಿ ಮತ್ತು ಅಲ್ಲಿಂದ ರಕ್ತ ತರುವ ಜುಗುಲರ್ ಅಭಿಧಮನಿ ಇವೆ, ಎರಡೂ ಚರ್ಮಕ್ಕೆ ಹತ್ತಿರ. ಹಾಗಾಗಿ ಗಾರ್ಡ್ ಗಂಟಲಿನ ಮುಂಭಾಗವನ್ನಷ್ಟೇ ಮುಚ್ಚಿದರೆ ಪ್ರಯೋಜನ ಕಡಿಮೆ. ಕಿವಿಯ ಕೆಳಗಿನ ಎರಡು ಬದಿಯೂ ಮುಚ್ಚಬೇಕು.

ಸಿಗುವುದು ಮೂರು ಬಗೆ. ಹಿಂದೆ ವೆಲ್ಕ್ರೊ ಅಂಟಿಸುವ ಬರೀ ಪಟ್ಟಿ. ಪಟ್ಟಿಯ ಜೊತೆ ಎದೆಯ ಮೇಲ್ಭಾಗಕ್ಕೂ ಇಳಿಯುವ ಬಿಬ್. ಒಳ ಅಂಗಿಗೇ ಎತ್ತರದ ಕಾಲರ್ ಹೊಲಿದ ಟರ್ಟಲ್‌ನೆಕ್. ಚಿಕ್ಕ ಮಕ್ಕಳಿಗೆ ಬಿಬ್ ವಾಸಿ, ಕಾಲರಿನೆಲುಬಿನ ಹತ್ತಿರದ ಸಂದು ಅದರಲ್ಲಿ ಮುಚ್ಚುತ್ತದೆ. ‘ಸೆಖೆ, ಉಸಿರು ಕಟ್ಟುತ್ತೆ’ ಎಂದು ಕಿತ್ತೆಸೆಯುವ ಹದಿಹರೆಯದವರಿಗೆ ಟರ್ಟಲ್‌ನೆಕ್ ಕೊಡಿಸಿ. ಹಾಕಿಕೊಂಡರೆ ತಾನೇ ಗಾರ್ಡ್. ಕೆವ್ಲಾರ್ ಅಥವಾ ಡೈನೀಮಾದಂಥ, ಸುಲಭಕ್ಕೆ ಕೊಯ್ಯದ ನಾರು ಇದೆಯೇ ಎಂದು ಲೇಬಲ್ ನೋಡಿ. ಬರೀ ಫೋಮ್ ಮತ್ತು ನೈಲಾನ್ ಪಕ್ಕಿನ (ಆಟದ ರಬ್ಬರ್ ಬಿಲ್ಲೆಯ) ಪೆಟ್ಟನ್ನು ತುಸು ತಡೆದೀತು, ಬ್ಲೇಡನ್ನು ತಡೆಯುತ್ತದೆ ಎಂದು ನಂಬಬೇಡಿ. ಹಾಗೆಂದು ಯಾವ ಬಟ್ಟೆಯೂ ಕೊಯ್ಯುವುದೇ ಇಲ್ಲ ಎಂಬಂಥದ್ದಲ್ಲ. ಗಾಯ ಆಳಕ್ಕೆ ಇಳಿಯದಂತೆ ಮಾಡುವುದು ಅದರ ಕೆಲಸ.

ನಿಯಮ ಊರಿಂದೂರಿಗೆ ಬೇರೆ. ಕೆನಡಾದಲ್ಲಿ ಮಕ್ಕಳ ಹಾಕಿಗೆ ಬಿಎನ್‌ಕ್ಯೂ ಗುರುತು (ಕ್ವಿಬೆಕ್ ಗುಣಮಟ್ಟ ಸಂಸ್ಥೆಯ ಮುದ್ರೆ) ಇರುವುದೇ ಬೇಕು. ಟರ್ಟಲ್‌ನೆಕ್ ಕೊಳ್ಳುವಾಗ ಆ ಗುರುತು ಇದೆಯೇ ಎಂದು ಮೊದಲು ನೋಡಿ. ಯುಎಸ್‌ಎ ಹಾಕಿ 2024ರ ಆಗಸ್ಟ್ 1ರಿಂದ 18ರೊಳಗಿನ ವಿಭಾಗಗಳಿಗೆ ಪಂದ್ಯ, ಅಭ್ಯಾಸ ಎರಡರಲ್ಲೂ ಕಡ್ಡಾಯ ಮಾಡಿದೆ. ಜಾನ್ಸನ್ ಆಡುತ್ತಿದ್ದ ಲೀಗಿನಲ್ಲಿ 2024ರ ಜನವರಿಯಿಂದ ಕಡ್ಡಾಯ. ಎನ್‌ಎಚ್‌ಎಲ್ (ಉತ್ತರ ಅಮೆರಿಕದ ವೃತ್ತಿಪರ ಲೀಗ್) ಮಾತ್ರ ನಿಧಾನ: 2026-27ರಿಂದ, ಅದೂ ಹೊಸದಾಗಿ ಬರುವ ಆಟಗಾರರಿಗೆ. ಟಿವಿಯಲ್ಲಿ ದೊಡ್ಡವರು ಬೋಳು ಕೊರಳಲ್ಲಿ ಆಡುವುದನ್ನು ನೋಡಿ ಮಗು ಹಟ ಹಿಡಿದರೆ ಆಶ್ಚರ್ಯವಿಲ್ಲ.

ಅಳತೆ, ತೊಡಿಸುವುದು

ಗಂಟಲಿನ ಉಬ್ಬಿನ ಕೆಳಗೆ ಟೇಪ್ ಸುತ್ತಿ ಅಳೆದು, ಕಂಪನಿಯ ಅಳತೆ ಪಟ್ಟಿಗೆ ಹೋಲಿಸಿ. ‘ಮುಂದಿನ ವರ್ಷಕ್ಕೂ ಆಗುತ್ತೆ’ ಎಂದು ದೊಡ್ಡದು ತರಬೇಡಿ. ಸಡಿಲ ಕಾಲರ್ ಬಿದ್ದಾಗ ಜರುಗಿ, ಬೇಕಾದ ಜಾಗವನ್ನೇ ತೆರೆದಿಡುತ್ತದೆ. ಒಂದು ಬೆರಳು ಒಳಗೆ ಹೋಗಬೇಕು, ಎರಡು ಹೋದರೆ ಸಡಿಲ.

ತೊಡಿಸುವ ಕ್ರಮವೂ ಮುಖ್ಯ. ಮೊದಲು ನೆಕ್ ಗಾರ್ಡ್, ಅದರ ಮೇಲೆ ಶೋಲ್ಡರ್ ಪ್ಯಾಡ್, ಆಮೇಲೆ ಜೆರ್ಸಿ, ಕೊನೆಗೆ ಹೆಲ್ಮೆಟ್. ಬಿಬ್ ಪ್ಯಾಡಿನ ಅಡಿಯಲ್ಲೇ ಇರಬೇಕು. ಹೊರಗೆ ಬಿಟ್ಟರೆ ಕೆಳಗಿನಿಂದ ಬಂದ ಬ್ಲೇಡ್ ಅದನ್ನು ಎತ್ತಿಹಾಕುತ್ತದೆ. ಎಲ್ಲ ಹಾಕಿದ ಮೇಲೆ ಮಗುವಿಗೆ ಮೇಲೆ ನೋಡು, ಎಡಕ್ಕೆ ತಿರುಗು, ಬಲಕ್ಕೆ ತಿರುಗು, ಬಗ್ಗು ಎಂದು ಹೇಳಿ, ಪ್ರತಿ ಸಲವೂ ದವಡೆಯಿಂದ ಪ್ಯಾಡಿನವರೆಗೆ ಚರ್ಮ ಕಾಣುತ್ತದೆಯೇ ನೋಡಿ. ಸಾಮಾನ್ಯವಾಗಿ ಸಂದು ಬೀಳುವುದು ತಲೆ ಪಕ್ಕಕ್ಕೆ ಹೊರಳಿಸಿದಾಗ, ಕಿವಿಯ ಕೆಳಗೆ. ಗೋಲಿಯ ಮಾಸ್ಕಿಗೆ ಜೋತುಬಿಟ್ಟ ಪ್ಲಾಸ್ಟಿಕ್ ತುಂಡು ನೆಕ್ ಗಾರ್ಡ್‌ಗೆ ಬದಲಿಯಲ್ಲ, ಅದು ಪಕ್ಕಿಗೆ. ಎರಡೂ ಬೇಕು. ಚುಚ್ಚುತ್ತದೆಂದು ಅಂಚು ಕತ್ತರಿಸಿದ ಗಾರ್ಡ್ ನಿಯಮದ ಪ್ರಕಾರವೂ ಲೆಕ್ಕಕ್ಕಿಲ್ಲ.

ತೊಳೆಯುವಾಗ ವೆಲ್ಕ್ರೊ ಮುಚ್ಚಿ, ತಣ್ಣೀರು, ಸಾದಾ ಸೋಪು. ಬ್ಲೀಚ್ ಹಾಕಿದರೆ ಕೆವ್ಲಾರ್ ನಾರು ಸವೆಯುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಬಿಸಿಲೂ ಹಾಗೇ, ಆದ್ದರಿಂದ ನೆರಳಲ್ಲಿ ಒಣಗಿಸಿ. ಲಡಾಖಿನಂತೆ ಬಯಲ ಹೆಪ್ಪುಗಟ್ಟಿದ ಕೆರೆಯಲ್ಲಿ ಆಡುವವರು ಇದನ್ನು ವಿಶೇಷವಾಗಿ ಗಮನಿಸಬೇಕು, ಅಲ್ಲಿನ ಬಿಸಿಲು ತೀಕ್ಷ್ಣ. ವೆಲ್ಕ್ರೊ ಹಿಡಿತ ಬಿಟ್ಟರೆ, ಹೊಲಿಗೆ ಕಿತ್ತರೆ, ಒಮ್ಮೆ ಬ್ಲೇಡ್ ತಗುಲಿದ್ದರೆ ಹೊಸದು ತನ್ನಿ. ಮಣಿಕಟ್ಟಿಗೆ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜಿಗೆ ಇದೇ ನಾರಿನ ಪಟ್ಟಿ, ಸಾಕ್ಸ್ ಸಿಗುತ್ತವೆ. 2013ರಲ್ಲಿ ಎರಿಕ್ ಕಾರ್ಲ್‌ಸನ್‌ಗೆ ಹಿಮ್ಮಡಿಯ ಸ್ನಾಯುರಜ್ಜೇ ಕುಯ್ದಿತ್ತು.

ಆದರೂ ಕುತ್ತಿಗೆ ಕುಯ್ದರೆ

ಮಲಾರ್ಚುಕ್ ಬದುಕಿದ್ದಕ್ಕೆ ದೊಡ್ಡ ಕಾರಣ ತಂಡದ ಟ್ರೇನರ್ ಜಿಮ್ ಪಿಜುಟೆಲ್ಲಿ. ವಿಯೆಟ್ನಾಂ ಯುದ್ಧದಲ್ಲಿ ಸೇನೆಯ ಮೆಡಿಕ್ ಆಗಿದ್ದವರು. ಗಾಯದೊಳಗೆ ಬೆರಳಿಟ್ಟು ರಕ್ತನಾಳ ಹಿಸುಕಿ ಹಿಡಿದವರು ವೈದ್ಯರ ಕೈಗೆ ಒಪ್ಪಿಸುವ ತನಕ ಬಿಡಲಿಲ್ಲ. ಮಾಡಬೇಕಾದ್ದು ಅದೇ.

ಒಬ್ಬರು 911ಕ್ಕೆ (ಬ್ರಿಟನ್ನಿನಲ್ಲಿ 999, ಭಾರತದಲ್ಲಿ 112) ಕರೆ ಮಾಡಲಿ, ಇನ್ನೊಬ್ಬರು ತಕ್ಷಣ ಒತ್ತಲಿ. ಶುದ್ಧ ಬಟ್ಟೆ ಸಿಕ್ಕರೆ ಸರಿ, ಇಲ್ಲದಿದ್ದರೆ ಕೈಗೆ ಸಿಕ್ಕಿದ ಜೆರ್ಸಿ. ರಕ್ತ ಚಿಮ್ಮುವ ಜಾಗಕ್ಕೇ ಬೆರಳುಗಳಿಂದ ಗಟ್ಟಿಯಾಗಿ, ಬೆನ್ನೆಲುಬಿನ ಕಡೆಗೆ ಒತ್ತಿ, ಶ್ವಾಸನಾಳದ ಮೇಲಲ್ಲ. ಎರಡೂ ಬದಿಯನ್ನು ಒಟ್ಟಿಗೆ ಅದುಮಿದರೆ ಮೆದುಳಿಗೆ ರಕ್ತ ಹೋಗುವುದಿಲ್ಲ. ಕೈಕಾಲಿಗೆ ಕಟ್ಟುವಂತೆ ಕೊರಳ ಸುತ್ತ ಬಿಗಿದು ಕಟ್ಟುವುದಂತೂ ಬೇಡವೇ ಬೇಡ. ಬಟ್ಟೆ ತೊಯ್ದರೆ ತೆಗೆಯಬೇಡಿ, ಮೇಲೆ ಇನ್ನೊಂದು ಇಡಿ. ‘ನಿಂತಿತಾ’ ಎಂದು ಎತ್ತಿ ನೋಡುವುದೇ ಎಲ್ಲರೂ ಮಾಡುವ ತಪ್ಪು; ಕಟ್ಟಿಕೊಳ್ಳುತ್ತಿದ್ದ ಹೆಪ್ಪು ಅದರ ಜೊತೆಗೇ ಬರುತ್ತದೆ. ಕೂರಿಸಬೇಡಿ, ಮಲಗಿಸಿ: ಅಭಿಧಮನಿ ತೆರೆದಿದ್ದಾಗ ಕೂತರೆ ಗಾಳಿ ಒಳಗೆ ಎಳೆದುಕೊಳ್ಳುವ ಅಪಾಯವಿದೆ. ಬಾಯಲ್ಲಿ ರಕ್ತ ಬರುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ. ತಂಡದ ಕಿಟ್ಟಿನಲ್ಲಿ ರಕ್ತ ಹೆಪ್ಪುಗಟ್ಟಿಸುವ ಗಾಜ್ ಬಟ್ಟೆ, ಗ್ಲೌಸ್, ಪ್ಯಾಡ್ ಕತ್ತರಿಸುವಂಥ ಟ್ರಾಮಾ ಕತ್ತರಿ ಇರಲಿ. ಕಿಟ್ ಬೆಂಚಿನ ಮೇಲಿರಬೇಕು, ಕಾರಿನ ಡಿಕ್ಕಿಯಲ್ಲಲ್ಲ.

ಎದೆ, ಎಇಡಿ

2008ರ ಅಕ್ಟೋಬರ್ 13ರಂದು ರಷ್ಯಾದ ಚೆಖೋವ್‌ನಲ್ಲಿ ಅವನ್‌ಗಾರ್ಡ್ ಓಮ್ಸ್ಕ್ ತಂಡದ 19 ವರ್ಷದ ಅಲೆಕ್ಸಿ ಚೆರೆಪಾನೊವ್ ಬೆಂಚಿನಲ್ಲೇ ಕುಸಿದರು. ಆಂಬುಲೆನ್ಸ್ ಆಗಲೇ ಹೊರಟುಹೋಗಿತ್ತು, ಡಿಫಿಬ್ರಿಲೇಟರಿನ (ಹೃದಯಕ್ಕೆ ಶಾಕ್ ಕೊಡುವ ಯಂತ್ರದ) ಬ್ಯಾಟರಿ ಸತ್ತಿತ್ತು. 2005ರಲ್ಲಿ ಡೆಟ್ರಾಯಿಟ್‌ನ ಯಿರಿ ಫಿಶರ್, 2020ರಲ್ಲಿ ಸೇಂಟ್ ಲೂಯಿಸ್‌ನ ಜೇ ಬೋಮೀಸ್ಟರ್ ಕೂಡ ಬೆಂಚಿನಲ್ಲೇ ಬಿದ್ದರು. ಯಂತ್ರ ಹತ್ತಿರವೇ ಇತ್ತು, ಕೆಲಸ ಮಾಡಿತು, ಬದುಕಿದರು.

ಆದ್ದರಿಂದ ಹೊಸ ರಿಂಕಿಗೆ ಹೋದ ದಿನ ಎಇಡಿ, ಅಂದರೆ ಸ್ವಯಂಚಾಲಿತ ಡಿಫಿಬ್ರಿಲೇಟರ್, ಎಲ್ಲಿದೆ ಎಂದು ಕೇಳಿ, ಹೋಗಿ ನೋಡಿ. ಬೀಗ ಹಾಕಿದ ಕಚೇರಿಯಲ್ಲಿದ್ದರೆ ಇಲ್ಲದಂತೆಯೇ. ಸಿದ್ಧವಿದೆ ಎನ್ನುವ ದೀಪ ಹಸಿರಾಗಿರಬೇಕು, ಪ್ಯಾಡಿನ ಪೊಟ್ಟಣದ ಮೇಲಿನ ದಿನಾಂಕ ಮೀರಿರಬಾರದು. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಬ್ಯಾಟರಿಯೂ ಪ್ಯಾಡಿನ ಅಂಟೂ ಕೈಕೊಡುವುದರಿಂದ, ಬಯಲಲ್ಲಿ ಆಡುವಾಗ ಬೆಚ್ಚಗಿನ ವಾಹನದಲ್ಲಿಡಿ.

ಡಿಕ್ಕಿ ಇಲ್ಲದೆ ಕುಸಿದವರು, ಅಥವಾ ಎದೆಗೆ ಪಕ್ ಬಡಿದು ಎರಡು ಹೆಜ್ಜೆ ಇಟ್ಟು ಬಿದ್ದವರು ಅಲುಗಾಡದಿದ್ದರೆ ಹೃದಯವೆಂದೇ ತಿಳಿಯಿರಿ. ಏದುಸಿರಿನಂತೆ ಆಗೊಮ್ಮೆ ಈಗೊಮ್ಮೆ ಬಾಯಿ ತೆರೆಯುವುದು ಉಸಿರಾಟವಲ್ಲ. ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಿ. ಇನ್ನೊಬ್ಬರು ಪ್ಯಾಡ್, ಜೆರ್ಸಿ ಕತ್ತರಿಸಿ, ಎದೆಯ ಬೆವರು ಒರೆಸಲಿ. ಒದ್ದೆ ಎದೆಗೆ ಪ್ಯಾಡ್ ಅಂಟುವುದಿಲ್ಲ. ಐಸ್ ಮೇಲೇ ಶಾಕ್ ಕೊಡಬಹುದು, ಎಳೆದುಕೊಂಡು ಹೋಗಿ ಹೊತ್ತು ಕಳೆಯಬೇಡಿ. ಶಾಕ್ ತಡವಾದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತದೆ.

ಮಾತ್ರೆ ಡಬ್ಬಿ

2011ರ ಮೇ 13ರಂದು ನ್ಯೂಯಾರ್ಕ್ ರೇಂಜರ್ಸ್‌ನ ಡೆರೆಕ್ ಬೂಗಾರ್ಡ್, 28, ತೀರಿಕೊಂಡರು. ತಲೆಗೆ ಪೆಟ್ಟಾಗಿ ಡಿಸೆಂಬರಿನಿಂದ ಆಟದಿಂದ ಹೊರಗಿದ್ದರು. ಕಾರಣ ಆಕ್ಸಿಕೊಡೋನ್ (ಅಫೀಮಿನ ಜಾತಿಯ ನೋವಿನ ಮಾತ್ರೆ) ಮತ್ತು ಮದ್ಯ. ಮೂರು ತಿಂಗಳಿಗೆ ಖಿನ್ನತೆಯೊಂದಿಗೆ ವರ್ಷಗಟ್ಟಲೆ ಹೆಣಗಿದ್ದ ರಿಕ್ ರಿಪಿಯನ್, 27, ಹೋದರು.

ಗಾಯಗೊಂಡ ಆಟಗಾರ ಮನೆಯಲ್ಲಿದ್ದರೆ ನೋವಿನ ಮಾತ್ರೆ ಒಬ್ಬರೇ ವೈದ್ಯರಿಂದ ಬರಲಿ, ಮಾತ್ರೆ ಎಣಿಸಿಡಿ. ಮದ್ಯ, ನಿದ್ದೆ ಮಾತ್ರೆ ಜೊತೆ ಸೇರಿದರೆ ಉಸಿರಾಟವೇ ನಿಲ್ಲಬಹುದು. ಎಬ್ಬಿಸಿದರೂ ಏಳದ ನಿದ್ದೆ, ಗೊರಗೊರ ಶಬ್ದ, ನೀಲಿಗಟ್ಟಿದ ತುಟಿ, ಸೂಜಿಮೊನೆಯಷ್ಟಾದ ಕಣ್ಣಪಾಪೆ ಕಂಡರೆ ಆಂಬುಲೆನ್ಸ್ ಕರೆದು ಮೂಗಿಗೆ ನಲಾಕ್ಸೋನ್ (ಅಂಥ ಮಾತ್ರೆಯ ಪರಿಣಾಮ ಇಳಿಸುವ ಔಷಧ) ಸ್ಪ್ರೇ ಹಾಕಿ. 2-3 ನಿಮಿಷಕ್ಕೆ ಚೇತರಿಸದಿದ್ದರೆ ಇನ್ನೊಂದು ಹೊಳ್ಳೆಗೆ. ಅಮೆರಿಕದಲ್ಲಿ ಅದು ಚೀಟಿಯಿಲ್ಲದೆ ಸಿಗುತ್ತದೆ. ಗೆಳೆಯರ ಫೋನ್ ಎತ್ತುವುದು ಬಿಟ್ಟಿದ್ದರೆ, ಬದುಕು ಸಾಕೆನ್ನುವ ಮಾತು ಬಂದರೆ ನೇರವಾಗಿ ಕೇಳಿ, ಒಬ್ಬರನ್ನೇ ಬಿಡಬೇಡಿ. ಅಮೆರಿಕ, ಕೆನಡಾದಲ್ಲಿ 988, ಭಾರತದಲ್ಲಿ ಟೆಲಿ ಮಾನಸ್ 14416.

ಗಾಯ ವಾಸಿಯಾದ ಮೇಲೆ ಉಳಿದ ಮಾತ್ರೆಗಳನ್ನು ಫಾರ್ಮಸಿಗೆ ಹಿಂದಿರುಗಿಸಿ. ಹಾಕಿ ಬ್ಯಾಗಿನ ಪಕ್ಕದ ಜೇಬಿನಲ್ಲೂ ಒಂದು ಪಟ್ಟಿ ಇದ್ದೀತು, ನೋಡಿ.