ಎಡಕ್ಕೊಂದು ನ್ಯಾಯ, ಬಲಕ್ಕೊಂದು ನ್ಯಾಯ ಬೇಡ: ರೇಡಿಯೊ ನಿಯಂತ್ರಿತ ರೇಸ್ ಕಾರನ್ನು ಜೋಡಿಸುವ ಬಗೆ

ಮಂಗಳೂರಿನ ಕಾಲೇಜೊಂದರ ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಭಾನುವಾರ ಬೆಳಿಗ್ಗೆ ಬಿಸಿಲೇರುವ ಮೊದಲು ನಾವು ನಾಲ್ಕೈದು ಮಂದಿ ಅನುಮತಿ ಪಡೆದು ರೇಡಿಯೊ ನಿಯಂತ್ರಿತ ಕಾರುಗಳನ್ನು ಓಡಿಸುತ್ತೇವೆ. ಹೊಸದಾಗಿ ಬರುವವರ ದೂರು ಬಹುಮಟ್ಟಿಗೆ ಒಂದೇ: “ಬಲಕ್ಕೆ ಚಂದ ತಿರುಗ್ತದೆ ಮಾರಾಯ್ರೆ, ಎಡಕ್ಕೆ ಹಾಕಿದ್ರೆ ಮಾತ್ರ ಬುಗುರಿಯ ಹಾಗೆ ಸುತ್ತಿ ನಿಲ್ತದೆ.” ಮರುವಾರ ಅವರು ಇನ್ನೂ ಬಲವಾದ ಮೋಟಾರು ಹಾಕಿಕೊಂಡು ಬರುತ್ತಾರೆ, ಕಾರು ಮೊದಲಿಗಿಂತ ಜೋರಾಗಿ ಸುತ್ತುತ್ತದೆ. ದೋಷವಿರುವುದು ಮೋಟಾರಿನಲ್ಲಲ್ಲ, ಜೋಡಿಸುವಾಗಲೇ ತಿರುಚಿಕೊಂಡ ಶಾಸಿಯಲ್ಲಿ, ಅಂದರೆ ಎಲ್ಲ ಭಾಗಗಳೂ ಕೂರುವ ಅಡಿಚೌಕಟ್ಟಿನಲ್ಲಿ. ಆದ್ದರಿಂದ ಈ ಲೇಖನದಲ್ಲಿ ಸುಲಭದ ಹಂತಗಳನ್ನು ಒಂದೆರಡು ಮಾತಿನಲ್ಲಿ ಮುಗಿಸಿ, ಶಾಸಿಯನ್ನು ಸಮವಾಗಿ ಕೂರಿಸುವ ಕೆಲಸವನ್ನು ವಿಸ್ತಾರವಾಗಿ ಹೇಳುತ್ತೇನೆ.

ಇಲ್ಲಿ ಹೇಳುತ್ತಿರುವುದು ನಿಜವಾದ ಕಾರಿನ ಹತ್ತನೇ ಒಂದರ ಅಳತೆಯ ಟೂರಿಂಗ್ ಕಾರಿನ ಬಗ್ಗೆ, ಅಂದರೆ ಸುಮಾರು 190 ಮಿಲಿಮೀಟರ್ ಅಗಲದ, ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ, ವಿದ್ಯುತ್ ಮೋಟಾರಿನ ಕಾರಿನ ಬಗ್ಗೆ. ಮೊದಲ ಕಾರಾಗಿ ನಾನು ಯಾರಿಗಾದರೂ ಹೇಳುವುದು ಜಪಾನಿನ ಟ್ಯಾಮಿಯಾ ಕಂಪನಿ 2013ರಲ್ಲಿ ತಂದ ಟಿಟಿ-02 ಕಿಟ್. ಅದು ಎಲ್ಲಕ್ಕಿಂತ ವೇಗದ್ದೆಂದಲ್ಲ, ತಪ್ಪಾಗಿ ಜೋಡಿಸಿದರೂ ಬಿಚ್ಚಿ ಮತ್ತೆ ಜೋಡಿಸಲು ಸುಲಭ ಎಂಬ ಕಾರಣಕ್ಕೆ. ಜೋಡಿಸಿಯೇ ಮಾರುವ ಕಾರನ್ನು ಕೊಳ್ಳಬೇಡಿ. ಅದು ಮೊದಲ ಸಲ ಗೋಡೆಗೆ ಬಡಿದ ದಿನ ನಿಮಗೆ ಅದರ ಒಳಗೇನಿದೆ ಎಂಬುದೇ ಗೊತ್ತಿರುವುದಿಲ್ಲ.

ಸಲಕರಣೆ

ಮನೆಯಲ್ಲಿರುವ ಸಾಮಾನ್ಯ ಸ್ಟಾರ್ ಸ್ಕ್ರೂಡ್ರೈವರಿನಿಂದ ಕೆಲಸ ಶುರು ಮಾಡಬೇಡಿ. ಜಪಾನಿನ ಕಿಟ್‌ಗಳ ಸ್ಕ್ರೂಗಳ ತಲೆ ಜೆಐಎಸ್ ಎಂಬ ಜಪಾನಿ ಮಾನದಂಡದ್ದು. ನಮ್ಮಲ್ಲಿ ಸಿಗುವ ಫಿಲಿಪ್ಸ್ ಮಾದರಿಯ ತುದಿ ಅದರಲ್ಲಿ ಪೂರ್ತಿ ಕೂರದೆ ಜಾರಿ, ನಾಲ್ಕನೆಯ ಸ್ಕ್ರೂ ಹೊತ್ತಿಗೆ ತಲೆಯನ್ನು ಬೋಳಿಸಿಬಿಡುತ್ತದೆ. ಇದಲ್ಲದೆ ಒಂದು ವರ್ನಿಯರ್ ಕ್ಯಾಲಿಪರ್, ಒಂದು ಸಣ್ಣ ರಸಮಟ್ಟ ಮತ್ತು ಗ್ರಾನೈಟ್ ಅಂಗಡಿಯವರು ಮೂಲೆಗೆ ಒಟ್ಟಿರುವ ತುಂಡುಗಳಲ್ಲಿ ಒಂದೂವರೆ ಅಡಿ ಉದ್ದ, ಒಂದಡಿ ಅಗಲದ ಪಾಲಿಶ್ ಮಾಡಿದ ತುಂಡು ಬೇಕು. ಕಾರಿನ ಬೆಲೆಯ ಕಾಲುಭಾಗ ಕೊಟ್ಟು ಆಮದು ಮಾಡಿಕೊಳ್ಳುವ, ಕಾರನ್ನಿಟ್ಟು ಅಳೆಯುವ ಸೆಟಪ್ ಹಲಗೆಗೂ ಈ ಗ್ರಾನೈಟಿಗೂ ನಮ್ಮ ಕೆಲಸದಲ್ಲಿ ಯಾವ ವ್ಯತ್ಯಾಸವನ್ನೂ ನಾನು ಕಂಡಿಲ್ಲ. ಊಟದ ಮೇಜು, ನೆಲದ ಟೈಲ್ಸ್, ಕೇರಂ ಬೋರ್ಡು ಇವು ಯಾವುವೂ ಆಗುವುದಿಲ್ಲ, ಏಕೆಂದರೆ ಅವು ಕಣ್ಣಿಗೆ ಸಮವಾಗಿ ಕಂಡರೂ ಸಮವಾಗಿರುವುದಿಲ್ಲ.

ಡಿಫರೆನ್ಷಿಯಲ್

ತಿರುವಿನಲ್ಲಿ ಎಡಬಲದ ಚಕ್ರಗಳು ಬೇರೆಬೇರೆ ವೇಗದಲ್ಲಿ ಉರುಳಲು ಬಿಡುವ ಗೇರುಗಳ ಗುಂಪು ಇದು; ಮುಂದೊಂದು, ಹಿಂದೊಂದು ಇರುತ್ತದೆ. ಕಿಟ್‌ನ ಚಿತ್ರಪುಸ್ತಕ ಹೇಳಿದಂತೆ ಮಾಡಿದರೆ ಇಲ್ಲಿ ತಪ್ಪಾಗುವುದು ಕಷ್ಟ. ಹಿಂದಿನದಕ್ಕೆ ಕಿಟ್ ಜೊತೆಗೆ ಬಂದ ಗ್ರೀಸೇ ಸಾಕು. ಮುಂದಿನದನ್ನು ಅಂಟಂಟಾದ ಆಂಟಿ ವೇರ್ ಗ್ರೀಸಿನಿಂದ ಬಿಗಿಗೊಳಿಸಿದರೆ ತಿರುವಿನಿಂದ ಹೊರಬರುವಾಗ ಕಾರು ನೇರವಾಗಿ ಎಳೆಯುತ್ತದೆ.

ಷಾಕ್‌ಗಳು

ಅಗ್ಗದ ಕಿಟ್‌ಗಳಲ್ಲಿ ಎಣ್ಣೆಯೇ ಇಲ್ಲದ, ಬರೀ ಪ್ಲಾಸ್ಟಿಕ್ ಉಜ್ಜುವಿಕೆಯ ಮೇಲೆ ನಡೆಯುವ ಷಾಕ್‌ಗಳಿರುತ್ತವೆ. ರೇಸಿಗೆ ಅವು ನಿರುಪಯುಕ್ತ. ಹೊಸ ಮೋಟಾರಿಗೆಂದು ಎತ್ತಿಟ್ಟ ಹಣದಲ್ಲಿ ಮೊದಲು ನಾಲ್ಕು ಎಣ್ಣೆ ತುಂಬುವ ಷಾಕ್‌ಗಳನ್ನು ಕೊಳ್ಳಿ.

ಎಣ್ಣೆ ಎಂದರೆ ಸಿಲಿಕೋನ್ ಎಣ್ಣೆ ಮಾತ್ರ. ನಮ್ಮ ಕಾಂಕ್ರೀಟ್ ಅಂಗಳಕ್ಕೂ ಸೆಕೆಗೂ 400 ಸೆಂಟಿಸ್ಟೋಕ್ಸ್‌ನದು (ಇದು ಎಣ್ಣೆಯ ಮಂದತೆಯ ಅಳತೆ) ಹೊಂದುತ್ತದೆ. ಬಾಟಲಿಯ ಮೇಲೆ ‘ವೇಯ್ಟ್’ ಎಂದು ಬರೆದ ಸಂಖ್ಯೆ ಒಂದೊಂದು ಕಂಪನಿಯದು ಒಂದೊಂದು ರೀತಿ ಇರುವುದರಿಂದ ಅದನ್ನು ನೆಚ್ಚಿ ಎರಡು ಕಂಪನಿಗಳ ಎಣ್ಣೆಯನ್ನು ಹೋಲಿಸಬೇಡಿ. ಹೊಲಿಗೆ ಯಂತ್ರದ ಎಣ್ಣೆ ತುಂಬಿದವರನ್ನು ನೋಡಿದ್ದೇನೆ. ವಾರದೊಳಗೆ ಒಳಗಿನ ರಬ್ಬರ್ ಉಂಗುರಗಳು ಉಬ್ಬಿ, ಷಾಕಿನ ಒಳಹೊರಗೆ ಆಡುವ ಕಡ್ಡಿ ಅಲ್ಲಾಡದಂತಾಯಿತು. ಇನ್ನೊಬ್ಬರು ಮನೆಯ ಗಾಣದ ಶುದ್ಧ ತೆಂಗಿನೆಣ್ಣೆಯನ್ನೇ ತುಂಬಿದ್ದರು. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಗಟ್ಟಿಯಾಗತೊಡಗುತ್ತದೆ ಎಂಬುದು ಇಲ್ಲಿನ ಯಾವ ಅಡುಗೆಮನೆಗೂ ಹೊಸ ವಿಷಯವಲ್ಲ; ಡಿಸೆಂಬರಿನ ಒಂದು ಮುಂಜಾನೆ ಅವರ ಕಾರು ಕಲ್ಲಿನಂತೆ ಕುಪ್ಪಳಿಸಿತು.

ಕಡ್ಡಿಯನ್ನು ಪೂರ್ತಿ ಕೆಳಗೆಳೆದು, ಅಂಚಿನವರೆಗೆ ಎಣ್ಣೆ ತುಂಬಿ, ಪಿಸ್ಟನ್ನನ್ನು ಎಣ್ಣೆಯ ಮಟ್ಟ ದಾಟದಂತೆ ನಿಧಾನವಾಗಿ ಹತ್ತಾರು ಸಲ ಮೇಲೆ ಕೆಳಗೆ ಆಡಿಸಿ, ಗುಳ್ಳೆಗಳು ಏರಿ ಹೋಗಲು ಕಾಲು ಗಂಟೆ ಹಾಗೆಯೇ ನಿಲ್ಲಿಸಿ. ಆ ಕಾಲು ಗಂಟೆಯಲ್ಲಿ ಚಹಾ ಕುಡಿದು ಬನ್ನಿ, ಆದರೆ ಬೇಗ ಮುಗಿಯಲೆಂದು ಷಾಕನ್ನು ಕುಲುಕಬೇಡಿ. ಮುಚ್ಚಿದ ಮೇಲೆ ನಾಲ್ಕನ್ನೂ ಒತ್ತಿ ಬಿಟ್ಟಾಗ ಕಡ್ಡಿ ಒಂದೇ ವೇಗದಲ್ಲಿ, ಒಂದೇ ದೂರ ಹೊರಬರಬೇಕು. ಬಳಿಕ ಮೇಲಿನ ತೂತಿನಿಂದ ಕೆಳಗಿನ ತೂತಿನವರೆಗಿನ ಉದ್ದವನ್ನು ಕ್ಯಾಲಿಪರಿನಲ್ಲಿ ಅಳೆಯಿರಿ: ಮುಂದಿನ ಎರಡು ಒಂದೇ ಉದ್ದ, ಹಿಂದಿನ ಎರಡು ಒಂದೇ ಉದ್ದ ಇರಬೇಕು. ಮಿಲಿಮೀಟರಿನ ಹತ್ತನೇ ಎರಡು ಭಾಗದಷ್ಟು ವ್ಯತ್ಯಾಸ ಬಂದರೂ ಕೆಳಗಿನ ಪ್ಲಾಸ್ಟಿಕ್ ಕೊಂಡಿಯನ್ನು ಅರ್ಧ ಸುತ್ತು ತಿರುಗಿಸಿ ಸರಿಪಡಿಸಿ. ಇಲ್ಲಿ ಸೋಮಾರಿತನ ಮಾಡಿದವರು ಮುಂದಿನ ಹಂತದಲ್ಲಿ ಇಡೀ ಸಂಜೆ ಕಳೆದುಕೊಳ್ಳುತ್ತಾರೆ.

ಶಾಸಿಯ ತಿರುಚು ತೆಗೆಯುವುದು

ನಾಲ್ಕು ಕಾಲಿನ ಮಣೆಯ ಒಂದು ಕಾಲು ಗಿಡ್ಡವಾದರೆ ಅದು ಮೂಲೆಯಿಂದ ಮೂಲೆಗೆ ಕುಂಟುತ್ತದೆ. ಕಾರಿಗೆ ಸ್ಪ್ರಿಂಗ್‌ಗಳಿರುವುದರಿಂದ ಕುಂಟು ಕಣ್ಣಿಗೆ ಕಾಣುವುದಿಲ್ಲ, ಆದರೆ ಭಾರವೆಲ್ಲ ಎದುರುಬದುರು ಮೂಲೆಯ ಎರಡು ಚಕ್ರಗಳ ಮೇಲೆ ಬಿದ್ದು, ಉಳಿದೆರಡು ನೆಲವನ್ನು ಸವರಿಕೊಂಡು ಹೋಗುತ್ತವೆ. ಒಂದು ಕಡೆಗೆ ಅಂಟಿಕೊಂಡು ತಿರುಗಿ, ಇನ್ನೊಂದು ಕಡೆಗೆ ಜಾರುವ ಕಾರಿನ ಗುಟ್ಟು ಇದು.

ಗ್ರಾನೈಟನ್ನು ಮೇಜಿನ ಮೇಲಿಟ್ಟು, ರಸಮಟ್ಟದಿಂದ ನೋಡಿ, ಅಡಿಗೆ ಕಾಗದದ ಮಡಿಕೆಗಳನ್ನು ಕೊಟ್ಟು ಎರಡೂ ದಿಕ್ಕಿಗೆ ಸಮ ಮಾಡಿಕೊಳ್ಳಿ. ಷಾಕ್‌ಗಳನ್ನೂ ಚಕ್ರಗಳನ್ನೂ ಕಳಚಿ, ಆ್ಯಂಟಿ ರೋಲ್ ಬಾರ್ (ಎಡಬಲದ ತೋಳುಗಳನ್ನು ಜೋಡಿಸುವ ಕಂಬಿ) ಇದ್ದರೆ ಅದನ್ನೂ ತೆಗೆದಿಡಿ. ಈಗ ಚಕ್ರಗಳನ್ನು ಶಾಸಿಗೆ ಸೇರಿಸುವ ಸಸ್ಪೆನ್ಷನ್ ತೋಳುಗಳನ್ನು ಒಂದೊಂದಾಗಿ ಮೇಲೆತ್ತಿ ಬಿಡಿ: ಅವು ತಮ್ಮದೇ ಭಾರಕ್ಕೆ ತಡೆಯಿಲ್ಲದೆ ಕೆಳಗೆ ಬೀಳಬೇಕು. ಯಾವುದಾದರೂ ತೋಳು ನಡುವೆ ನಿಂತರೆ ಅದರ ಪಿನ್ನನ್ನು ಹೊರತೆಗೆದು ಗ್ರಾನೈಟಿನ ಮೇಲೆ ಉರುಳಿಸಿ, ಬಾಗಿದ್ದರೆ ಬದಲಿಸಿ; ನೇರವಾಗಿದ್ದರೆ ತೋಳಿನ ತೂತಿನೊಳಗಿನ ಪ್ಲಾಸ್ಟಿಕ್ ಉಬ್ಬನ್ನು ಕೆರೆದು ತೆಗೆಯಿರಿ. ಬಿಗಿಯಾದ ತೋಳಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುವುದು ಎಲ್ಲರ ಮೊದಲ ಯೋಚನೆ. ಅದು ಪಕ್ಕದ ಬೇರಿಂಗಿನ ಗ್ರೀಸನ್ನು ತೊಳೆದು ಹಾಕಿ, ನಮ್ಮ ಉಪ್ಪುಗಾಳಿಗೆ ಬೇರಿಂಗನ್ನು ಬರಿಮೈಯಲ್ಲಿ ಒಡ್ಡುತ್ತದೆ.

ಆಮೇಲೆ ಶಾಸಿಯ ಮೇಲಿನ ಹಲಗೆ, ಗೇರ್‌ಬಾಕ್ಸಿನ ಮುಚ್ಚಳ ಮತ್ತು ಮೋಟಾರಿನ ಆಧಾರಕ್ಕೆ ಸೇರಿದ ಎಲ್ಲ ಸ್ಕ್ರೂಗಳನ್ನು ಅರ್ಧ ಸುತ್ತು ಸಡಿಲಿಸಿ. ಶಾಸಿಯನ್ನು ಗ್ರಾನೈಟಿನ ಮೇಲಿಟ್ಟು, ನಡುವೆ ಅಂಗೈಯಿಂದ ಒತ್ತಿ ಹಿಡಿದು, ಒಂದು ಮೂಲೆಯ ಸ್ಕ್ರೂ ಸ್ವಲ್ಪ, ಅದರ ಎದುರು ಮೂಲೆಯದು ಸ್ವಲ್ಪ, ಹೀಗೆ ಅಡ್ಡಡ್ಡವಾಗಿ ಮೂರು ಸುತ್ತಿನಲ್ಲಿ ಬಿಗಿಯಿರಿ. ಒಂದು ಬದಿಯ ಸ್ಕ್ರೂಗಳನ್ನು ಪೂರ್ತಿ ಬಿಗಿದು ಮತ್ತೊಂದು ಬದಿಗೆ ಹೋಗುವುದರಿಂದಲೇ ಹೆಚ್ಚಿನ ಕಾರುಗಳು ತಿರುಚಿಕೊಳ್ಳುವುದು. ಪ್ಲಾಸ್ಟಿಕ್ಕಿಗೆ ಹೋಗುವ ಸ್ಕ್ರೂವನ್ನು ಮರಳಿ ಹಾಕುವಾಗ ಮೊದಲು ಹಿಮ್ಮುಖವಾಗಿ ತಿರುಗಿಸಿ, ಹಳೆಯ ಎಳೆಗೆ ಬಿದ್ದಾಗ ಬೆರಳಿಗೆ ಸಣ್ಣದೊಂದು ‘ಟಕ್’ ತಿಳಿಯುತ್ತದೆ, ಆಮೇಲೆ ಮುಮ್ಮುಖವಾಗಿ ಬಿಗಿಯಿರಿ; ಇಲ್ಲವಾದರೆ ಪ್ರತಿಸಲವೂ ಹೊಸ ಎಳೆ ಕೊರೆದು ಮೂರನೆಯ ಸಲಕ್ಕೆ ತೂತು ಸಡಿಲವಾಗುತ್ತದೆ. ಸ್ಕ್ರೂ ಸಡಿಲವಾಗದಂತೆ ತಡೆಯುವ ಅಂಟಾದ ನೀಲಿ ಥ್ರೆಡ್ ಲಾಕ್ ಹಚ್ಚುವುದು ಲೋಹಕ್ಕೆ ಲೋಹ ಸೇರುವ ಕಡೆ ಮಾತ್ರ, ಪ್ಲಾಸ್ಟಿಕ್ಕಿಗೆ ತಾಗಿದರೆ ಅದು ಬಿರುಕು ಬಿಡುತ್ತದೆ. ಬಿಗಿದಾದ ಮೇಲೆ ಶಾಸಿಯ ನಾಲ್ಕು ಮೂಲೆಗಳನ್ನೂ ಒಂದೊಂದು ಬೆರಳಿನಿಂದ ಒತ್ತಿ. ಯಾವ ಮೂಲೆಯೂ ಟಕಟಕ ಸದ್ದು ಮಾಡದಿದ್ದರೆ ಶಾಸಿ ಸಮವಾಗಿದೆ ಎಂದರ್ಥ. ಮಾಡಿದರೆ ಮತ್ತೆ ಸಡಿಲಿಸಿ ಮೊದಲಿನಿಂದ ಬಿಗಿಯಿರಿ.

ಎಡಬಲದ ಭಾರದ ಕಡೆಗೂ ಈಗಲೇ ಗಮನ ಕೊಡಬೇಕು. ಬ್ಯಾಟರಿ, ಮೋಟಾರು, ಸ್ಟೀರಿಂಗ್ ತಿರುಗಿಸುವ ಸರ್ವೊ, ರೇಡಿಯೊ ಸಂಕೇತ ಹಿಡಿಯುವ ರಿಸೀವರ್ ಎಲ್ಲವನ್ನೂ ಅವುಗಳ ಜಾಗದಲ್ಲಿ ಕೂರಿಸಿ, ಶಾಸಿಯ ನಡುಗೆರೆಯ ಮುಂದೊಂದು ಹಿಂದೊಂದು ಮೊನೆಯ ಮೇಲೆ ಕಾರನ್ನು ನಿಲ್ಲಿಸಿ ನೋಡಿ. ಒಂದು ಬದಿಗೆ ವಾಲಿದರೆ ಎದುರು ಬದಿಗೆ ಸೀಸದ ತುಂಡು ಅಂಟಿಸಿ. ಟಯರ್ ಅಂಗಡಿಗಳಲ್ಲಿ ಕಾರಿನ ಚಕ್ರ ಬ್ಯಾಲೆನ್ಸ್ ಮಾಡಲು ಬಳಸುವ 5 ಗ್ರಾಮಿನ ಅಂಟುಪಟ್ಟಿಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ.

ಈಗ ಷಾಕ್‌ಗಳನ್ನೂ ಚಕ್ರಗಳನ್ನೂ ಹಾಕಿ. ಎಡಬಲದ ಸ್ಪ್ರಿಂಗ್ ಕಾಲರುಗಳು, ಅಂದರೆ ಷಾಕಿನ ಮೇಲೆ ಸ್ಪ್ರಿಂಗನ್ನು ಒತ್ತಿ ಹಿಡಿಯುವ ಉಂಗುರಗಳು, ಒಂದೇ ಮಟ್ಟದಲ್ಲಿರಲಿ. ಕಾರನ್ನು ಗ್ರಾನೈಟಿನಿಂದ ಎರಡು ಬೆರಳು ಎತ್ತರದಿಂದ ಮೂರು ನಾಲ್ಕು ಸಲ ಬೀಳಿಸಿ ಸಸ್ಪೆನ್ಷನ್ ತಾನಾಗಿ ಕೂರಲು ಬಿಡಿ. ಬಳಿಕ ಮುಂಬದಿಯ ಸರಿ ನಡುವಿನಲ್ಲಿ, ಗೆರೆ ಎಳೆದು ಗುರುತಿಸಿದ ಜಾಗದ ಅಡಿಗೆ, ತೆಳುವಾದ ಸ್ಕ್ರೂಡ್ರೈವರಿನ ಮೊನೆ ಕೊಟ್ಟು ತುಂಬ ನಿಧಾನವಾಗಿ ಎತ್ತುತ್ತಾ ಎರಡೂ ಮುಂಚಕ್ರಗಳನ್ನು ನೋಡಿ. ಎರಡೂ ಒಟ್ಟಿಗೆ ನೆಲ ಬಿಡಬೇಕು. ಬಲಚಕ್ರ ಮೊದಲು ಎದ್ದರೆ ಅದರ ಮೇಲೆ ಭಾರ ಕಡಿಮೆಯಿದೆ; ಆಗ ಹಿಂದಿನ ಎಡ ಷಾಕಿನ ಕಾಲರನ್ನು ಕಾಲು ಸುತ್ತು ಕೆಳಗಿಳಿಸಿ ಸ್ಪ್ರಿಂಗನ್ನು ಬಿಗಿಮಾಡಿ, ಹಿಂದಿನ ಬಲದ್ದನ್ನು ಅಷ್ಟೇ ಸಡಿಲಿಸಿ. ಎಡಚಕ್ರ ಮೊದಲು ಎದ್ದರೆ ಇದರ ವಿರುದ್ಧ. ಮುಂಬದಿ ಸರಿಯಾದ ಮೇಲೆ ಹಿಂಬದಿಯನ್ನು ಎತ್ತಿ, ಅಲ್ಲಿನ ತಪ್ಪನ್ನು ಮುಂದಿನ ಷಾಕ್‌ಗಳಿಂದ ಸರಿಪಡಿಸಿ. ಮುಂದಿನ ತಪ್ಪಿಗೆ ಹಿಂದೆ ಏಕೆ ತಿರುಗಿಸಬೇಕು ಎಂದು ಕೇಳುವವರು ಮತ್ತೆ ಆ ಮಣೆಯನ್ನು ನೆನೆಯಬಹುದು: ಹಿಂದಿನ ಎಡಗಾಲನ್ನು ಎತ್ತರಿಸಿದರೆ ಮಣೆ ಮುಂದಿನ ಬಲಗಾಲಿನ ಮೇಲೆಯೇ ಒರಗುತ್ತದೆ.

ಒಂದು ಸುತ್ತಿಗಿಂತ ಹೆಚ್ಚು ತಿರುಗಿಸಬೇಕಾಗಿ ಬಂದರೆ ನಿಲ್ಲಿಸಿ. ಅಷ್ಟೊಂದು ವ್ಯತ್ಯಾಸವನ್ನು ಸ್ಪ್ರಿಂಗಿನಿಂದ ಮುಚ್ಚಿಹಾಕುವುದು ಗೆದ್ದಲು ಹಿಡಿದ ಬಾಗಿಲಿಗೆ ಬಣ್ಣ ಬಳಿದಂತೆ. ಹಿಂದಕ್ಕೆ ಹೋಗಿ ಪಿನ್ನನ್ನೋ ಷಾಕಿನ ಉದ್ದವನ್ನೋ ಮತ್ತೊಮ್ಮೆ ಅಳೆಯಿರಿ.

ಈ ಕಷ್ಟಕ್ಕೆ ಪರಿಹಾರವೆಂದು ನೀಲಿ ಬಣ್ಣದ ಅಗ್ಗದ ಅಲ್ಯುಮಿನಿಯಂ ತೋಳುಗಳ ಸೆಟ್ ಮಾರುತ್ತಾರೆ. ದಯವಿಟ್ಟು ಕೊಳ್ಳಬೇಡಿ. ಪ್ಲಾಸ್ಟಿಕ್ ತೋಳು ಪೆಟ್ಟು ಬಿದ್ದಾಗ ಬಾಗಿ ಮರಳುತ್ತದೆ, ಇಲ್ಲವೇ ಮುರಿದು ತನ್ನ ಸ್ಥಿತಿಯನ್ನು ತೋರಿಸಿಕೊಡುತ್ತದೆ. ಅಗ್ಗದ ಅಲ್ಯುಮಿನಿಯಂ ಸ್ವಲ್ಪವೇ ಬಾಗಿ, ಹಾಗೆಯೇ ಉಳಿದು, ತಿಂಗಳುಗಟ್ಟಲೆ ನಿಮ್ಮನ್ನು ಮೋಸಗೊಳಿಸುತ್ತದೆ.

ಎತ್ತರ, ಓರೆ, ಟಯರು

ನುಣುಪಾದ ಟಾರಿನ ಟ್ರ್ಯಾಕಿಗೆ ಶಾಸಿಯ ಅಡಿ ನೆಲದಿಂದ 5ರಿಂದ 5.5 ಮಿಲಿಮೀಟರ್ ಇದ್ದರೆ ಸಾಕು, ನಮ್ಮ ಒರಟು ಕಾಂಕ್ರೀಟಿಗೆ 6 ಇಡಿ. ಚಕ್ರಗಳ ಮೇಲಂಚು ಒಳಕ್ಕೆ ಒಂದೂವರೆಯಿಂದ ಎರಡು ಡಿಗ್ರಿ ವಾಲಿರಲಿ. ಟಯರುಗಳನ್ನು ರಿಮ್ಮಿಗೆ ಸೂಪರ್ ಗ್ಲೂನಿಂದ ಸುತ್ತಲೂ ಅಂಟಿಸಿ. ಜಂಬಿಟ್ಟಿಗೆಯ ಕೆಂಪು ಧೂಳು ಹಿಡಿದ ಟಯರನ್ನು ಪ್ರತಿ ಓಟದ ಮುಂಚೆ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ. ಇಂಟರ್‌ಲಾಕ್ ಹಾಸಿದ ಅಂಗಳದ ಸಂದುಗಳು ಇಷ್ಟು ತಗ್ಗಿನ ಕಾರಿಗೆ ಹೊಂದುವುದಿಲ್ಲ. ಪಣಂಬೂರು ಕಡಲತೀರದ ಮರಳಿನಲ್ಲಿ ಒಮ್ಮೆ ಓಡಿಸಿ ವಿಡಿಯೊ ಮಾಡುವ ಆಸೆಯನ್ನಂತೂ ಬಿಟ್ಟುಬಿಡಿ, ಉಪ್ಪು ಮರಳು ಹೊಕ್ಕ ಬೇರಿಂಗ್ ಮತ್ತೆ ಮೊದಲಿನಂತಾಗುವುದಿಲ್ಲ.

ಮೇಲ್ಕವಚದ ಪಾಲಿಕಾರ್ಬನೇಟ್ ಹಾಳೆಗೆ ಒಳಬದಿಯಿಂದ, ಗಾಢ ಬಣ್ಣ ಮೊದಲು ತಿಳಿ ಬಣ್ಣ ಆಮೇಲೆ ಎಂಬಂತೆ, ಪಾಲಿಕಾರ್ಬನೇಟಿಗೆಂದೇ ಇರುವ ಬಣ್ಣ ಹೊಡೆಯಬೇಕು. ಹಾರ್ಡ್‌ವೇರ್ ಅಂಗಡಿಯ ಸ್ಪ್ರೇ ಬಣ್ಣ ಮೊದಲ ಡಿಕ್ಕಿಗೇ ಹಕ್ಕಳೆಯಾಗಿ ಉದುರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಣ್ಣದ ಕೆಲಸವನ್ನೇ ಇಟ್ಟುಕೊಳ್ಳಬೇಡಿ. ಮಳೆಗಾಲದ ತೇವಕ್ಕೆ ಬಣ್ಣ ಬಿಳಿಚಿಕೊಳ್ಳುತ್ತದೆ.

ಬ್ಯಾಟರಿ ಮತ್ತು ಮೋಟಾರು

ಎರಡು ಸೆಲ್‌ಗಳ 7.4 ವೋಲ್ಟಿನ ಲಿಥಿಯಂ ಪಾಲಿಮರ್ ಬ್ಯಾಟರಿ ಪೂರ್ತಿ ಚಾರ್ಜಾದಾಗ 8.4 ವೋಲ್ಟ್ ಇರುತ್ತದೆ. 5000 ಮಿಲಿಆ್ಯಂಪ್‌ಅವರ್‌ನದಾದರೆ 5 ಆ್ಯಂಪಿಯರಿಗಿಂತ ಹೆಚ್ಚಿನಲ್ಲಿ ಚಾರ್ಜ್ ಮಾಡಬೇಡಿ, ಚಾರ್ಜಿಗೆ ಹಾಕಿ ಪೇಟೆಗೆ ಹೋಗಬೇಡಿ. ಮಳೆಗಾಲಕ್ಕೆ ಎತ್ತಿಡುವಾಗ ಪ್ರತಿ ಸೆಲ್ 3.8 ವೋಲ್ಟಿನ ಆಸುಪಾಸಿನಲ್ಲಿರಲಿ. ಉಬ್ಬಿದ ಬ್ಯಾಟರಿಯನ್ನು ಇನ್ನೊಂದು ಸಲ ನೋಡೋಣ ಎಂದು ಬಳಸುವವರ ಪಕ್ಕದಲ್ಲಿ ನಾನು ನಿಲ್ಲುವುದಿಲ್ಲ.

ಮೋಟಾರಿನ ಮಾತಿಗೆ ಬರುವ ಮೊದಲು ಅಂಗಳದಲ್ಲಿ ಒಂದು ಪರೀಕ್ಷೆ ಮಾಡಿ. ಸ್ಟೀರಿಂಗನ್ನು ಪೂರ್ತಿ ಎಡಕ್ಕೆ ಹಿಡಿದು ಒಂದೇ ಹದದ ವೇಗದಲ್ಲಿ ಐದು ಸುತ್ತು ಹೊಡೆಸಿ, ವೃತ್ತದ ಅಗಲಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ. ಬಲಕ್ಕೂ ಹಾಗೆಯೇ ಮಾಡಿ. ಸರ್ವೊ ಎರಡೂ ಕಡೆಗೆ ಚಕ್ರವನ್ನು ಒಂದೇ ಅಳತೆಯಲ್ಲಿ ತಿರುಗಿಸುತ್ತಿದ್ದರೂ ವೃತ್ತಗಳು ಬೇರೆಬೇರೆಯಾದರೆ ಮತ್ತೆ ಗ್ರಾನೈಟಿಗೆ ಹೋಗಬೇಕು. ಗೋಡೆಗೆ ಜೋರಾಗಿ ಬಡಿದ ಪ್ರತಿ ದಿನದ ಕೊನೆಯಲ್ಲೂ ಈ ಪರೀಕ್ಷೆ ಬೇಕು.

ವೃತ್ತಗಳೆರಡೂ ಒಂದೇ ಆದ ಮೇಲೆ ಪಿನಿಯನ್, ಅಂದರೆ ಮೋಟಾರಿನ ದಂಡಕ್ಕೆ ಹಾಕುವ ಸಣ್ಣ ಗೇರಿನ ಕಡೆಗೆ ಕೈಹಾಕಿ. ದೊಡ್ಡ ಗೇರಿನ ಹಲ್ಲುಗಳನ್ನು ಪಿನಿಯನ್ನಿನ ಹಲ್ಲುಗಳಿಂದ ಭಾಗಿಸಿ, ಗೇರ್‌ಬಾಕ್ಸಿನ ಒಳಗಿನ ಅನುಪಾತದಿಂದ ಗುಣಿಸಿದರೆ ಒಟ್ಟು ಅನುಪಾತ ಸಿಗುತ್ತದೆ. ಟಿಟಿ-02ರಲ್ಲಿ 70 ಮತ್ತು 22 ಹಲ್ಲುಗಳಿದ್ದು ಒಳಗಿನ ಅನುಪಾತ 2.6 ಆಗಿರುವುದರಿಂದ ಅದು 8.27. ಒಂದು ಸಲಕ್ಕೆ ಒಂದೇ ಹಲ್ಲು ಏರಿಸಿ, ಐದು ನಿಮಿಷ ಓಡಿಸಿ, ಮೋಟಾರಿನ ಬಿಸಿಯನ್ನು ಥರ್ಮಾಮೀಟರಿನಲ್ಲಿ ನೋಡಿ. ಅದು 80 ಡಿಗ್ರಿಯ ಹತ್ತಿರ ಬಂದರೆ ಆ ಒಂದು ಹಲ್ಲನ್ನು ಹಿಂದಕ್ಕೆ ಇಳಿಸಿ. ಜನವರಿಯ ಬೆಳಿಗ್ಗೆ ಸರಿಯಾಗಿದ್ದ ಪಿನಿಯನ್ ಏಪ್ರಿಲ್ ತಿಂಗಳ ಮಧ್ಯಾಹ್ನಕ್ಕೆ ಸರಿಯಾಗಿರುವುದಿಲ್ಲ, ಆದ್ದರಿಂದ ಪೆಟ್ಟಿಗೆಯಲ್ಲಿ ಇನ್ನೂ ಒಂದು ಹಲ್ಲು ಕಡಿಮೆಯ ಪಿನಿಯನ್ ಇರಲಿ.